ದೊರೆಯ ಮೊಳ

ಪಟ್ಟಕ್ಕೆ ಬಂದಾಗ ದೊರೆಗೆ ಏಳು ವರ್ಷ. ಅವತ್ತು ಅವನ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದದ್ದೇ ನಾಡಿಗೆಲ್ಲ ಮೊಳವಾಯಿತು, ಮೀಟರು ರದ್ದಾಯಿತು. ಆಮೇಲೆ ದೊರೆ ತೆಂಗಿನ ಮರದಂತೆ ಬೆಳೆದ. ಮೊಳವನ್ನು ಮಾತ್ರ ಬೆಳೆಯಗೊಡಲಿಲ್ಲ.

ಇವತ್ತು ಅವನ ಹೆಣ ಸ್ಮಶಾನಕ್ಕೆ ಬಂತು. ಕಾಯ್ದೆಯಂತೆ ಯಾರಿಗೇ ಆಗಲಿ ಗುಂಡಿ ನಾಲ್ಕು ಮೊಳ ಉದ್ದ. ದೊರೆಯ ಕಾಲು ಮಂಡಿಯಿಂದಾಚೆ ಹೊರಗೇ ಉಳಿಯಿತು.

ಅಧಿಕಾರಿ, ಗುಂಡಿ ತೋಡಿದ ಸಾಕವ್ವನ ಕಿವಿಯಲ್ಲಿ ಪಿಸುಗುಟ್ಟಿದ: "ಇದು ಒಂದೂಕಾಲು ಮೀಟರೂ ಇಲ್ಲ ಕಣಮ್ಮ. ಇನ್ನೆರಡು ಮೊಳ ಅಗೆ."

"ಮೀಟರು ಅಂದಿದ್ದಕ್ಕೇ ಅಲ್ವಾ ಸ್ವಾಮಿ, ನನ್ನ ಗಂಡನ್ನ ಒಳಗೆ ಹಾಕ್ಸಿದ್ದು?" ಸಾಕವ್ವ ಗುದ್ದಲಿ ಕೆಳಗಿಟ್ಟಳು. "ಉದ್ದ ಅಗೆದ್ರೆ ನಂಗೂ ಜೈಲು. ಇವನದೇ ಕಾಯ್ದೆ."

"ಮತ್ತೇನು ಮಾಡೋದು?"

"ಮಂಡಿ ಮಡಚಿ. ಮಡಚಕ್ಕೆ ಬರದಿದ್ರೆ ಮುರೀರಿ. ನಮ್ಮಪ್ಪಂಗೆ ನೀವೇ ನಿಂತು ಮುರಿಸಿದ್ರಲ್ಲ."