ಹಿಂದಿನ ಹಿಡಿ

"ಅಜ್ಜಾ, ಈ ಸಾಲು ಸರಿ ಇದೆಯಾ ಇನ್ನೊಂದು ಸಲ ನೋಡಿಬಿಡಿ. ಆಮೇಲೆ ಅಳಿಸೋಕೆ ಕಲ್ಲಿಗೆ ರಬ್ಬರ್ ಇಲ್ಲ," ಎಂದು ಶಿಲ್ಪಿ ನಕ್ಕ. ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ 'ಉಸಿರಿದ್ದ ಒಬ್ಬನನ್ನೂ ಕೈಬಿಡದವರು' ಎಂದು ಬರೆದಿತ್ತು.

ಹೋದ ತಿಂಗಳು ತೀರಿಕೊಂಡ ಪಾದ್ರಿಯ ಸ್ಮಾರಕ ಅದು. ಪಾದ್ರಿಯಾಗುವ ಮೊದಲು ಅವರು ಯುದ್ಧದಲ್ಲಿ ಗಾಯಾಳುಗಳ ಸ್ಟ್ರೆಚರ್ ಹೊತ್ತವರು. ಮುಂದಿನ ಹಿಡಿ ಅವರದು, ಹಿಂದಿನದು ಈ ಅಜ್ಜನದು. ಕಣ್ಣಾರೆ ಕಂಡವರಲ್ಲಿ ಉಳಿದಿರುವವನು ಇವನೊಬ್ಬನೇ ಎಂದು ಊರವರು ಇವನನ್ನೇ ಕಳಿಸಿದ್ದರು.

ಅಜ್ಜನಿಗೆ ಬಾಯಲ್ಲಿ ಬಿಸಿತುಪ್ಪ. ಸ್ಟ್ರೆಚರ್ ಹೊರುವಾಗ ಮುಂದಿನವನಿಗೆ ಕಾಣುವುದು ದಾರಿ ಮಾತ್ರ. ಮಲಗಿದವನ ಮುಖ ಹಿಂದಿನವನ ಪಾಲು. ಜೀವ ಇದೆಯೋ ಹೋಯಿತೋ ಎಂದು ಕೂಗಿ ಹೇಳುವವನೂ ಅವನೇ. ಆ ದಿನ ಗುಡ್ಡದ ಇಳಿಜಾರಿನಲ್ಲಿ ಸುತ್ತ ಗುಂಡು ಸಿಡಿಯುವಾಗ ಇವನಿಗೆ ತನ್ನ ಜೀವವೊಂದೇ ಕಂಡಿತ್ತು. "ಹೋಗಿಬಿಟ್ಟ ಕಣೋ, ಇಳಿಸು!" ಎಂದು ಕೂಗಿದ್ದ. ಗೆಳೆಯ ತಿರುಗಿ ನೋಡಲಿಲ್ಲ, ಇವನ ಮಾತೇ ಸಾಕಾಗಿತ್ತು. ಇಬ್ಬರೂ ಓಡಿದರು.

ಸ್ಟ್ರೆಚರ್ ಮೇಲಿದ್ದವನು ಸತ್ತಿರಲಿಲ್ಲ.

ಅವನಿಗಾಗಿ ಪಾದ್ರಿ ನಲವತ್ತು ವರ್ಷ ದಿನವೂ ಪ್ರಾರ್ಥಿಸಿದರು. "ನಮ್ಮ ಕೈಯಲ್ಲೇ ಹೋದನಲ್ಲ, ಒಂಟಿಯಾಗಿ ಸಾಯಲಿಲ್ಲ. ಅದೊಂದೇ ಸಮಾಧಾನ ಕಣೋ," ಎಂದು ಸಾಯುವ ಮುನ್ನಾದಿನವೂ ಇವನ ಕೈ ಹಿಡಿದಿದ್ದರು. ಹೇಳಿಬಿಡಬೇಕೆಂದು ಬಾಯಿ ತೆರೆದವನು, ನೀರು ಬೇಕಾ ಎಂದು ಕೇಳಿ ಎದ್ದು ಬಂದಿದ್ದ. ಇನ್ನು ಯಾರ ಮುಂದೆ ಹೇಳುವುದು? ಕ್ಷಮಿಸಬೇಕಾದ ಇಬ್ಬರೂ ಮಣ್ಣಾಗಿದ್ದರು. ಈಗ ಬಾಯಿಬಿಟ್ಟರೆ ಮಸಿ ಹತ್ತುವುದು ಏನೂ ಅರಿಯದ ಪಾದ್ರಿಯ ಹೆಸರಿಗೆ.

"ಏನಜ್ಜಾ, ತಪ್ಪಿದೆಯಾ?"

"ಇಲ್ಲಪ್ಪ. ಅವನ ಮಟ್ಟಿಗೆ ಸರಿಯಾಗೇ ಇದೆ. ಕೆತ್ತು."

ಶಿಲ್ಪಿ ಉಳಿ ಎತ್ತಿಕೊಂಡವನು, ಪಕ್ಕದಲ್ಲಿ ಒರಗಿಸಿದ್ದ ಇನ್ನೊಂದು ಕಲ್ಲನ್ನು ತೋರಿಸಿದ. ಅದರಲ್ಲಿ ಮುಂದೆ ಪಾದ್ರಿ, ನಡುವೆ ಸ್ಟ್ರೆಚರ್, ಹಿಂದೆ ಹಿಡಿ ಹಿಡಿದ ಎರಡು ಕೈ. "ಜಾಗ ಸಾಲದೆ ನಿಮ್ಮನ್ನ ಮಣಿಕಟ್ಟಿನವರೆಗೆ ಮಾತ್ರ ಮಾಡಿದೀನಿ, ಬೇಜಾರು ಮಾಡ್ಕೋಬೇಡಿ. ಮಲಗಿರೋನ ಮುಖ ಒಂದು ಬಾಕಿ. ಕಣ್ಣು ಮುಚ್ಚಿರೋ ಹಾಗೆ ಮಾಡಲಾ?"

ಅಜ್ಜ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಬೇಡ. ತೆರೆದೇ ಇರಲಿ," ಎಂದ. "ಹಿಂದಿನವನನ್ನೇ ನೋಡ್ತಾ ಇರಲಿ."