ಹೊಸಿಲಲ್ಲಿ ನಿಂತ ಮದುಮಗಳು

ಕಂಪ್ಯೂಟರಿನ ಪರದೆ ಫಕ್ಕನೆ ಕಪ್ಪಾದಾಗ ಪೂವಕ್ಕನ ಸೋಬಾನೆ ಹಾಡಿನ ಮದುಮಗಳು ತವರಿನ ಹೊಸಿಲಿಗೆ ಬಂದಿದ್ದಳು. ಬೆಳ್ಳಾರೆಯ ಡಿಟಿಪಿ ಅಂಗಡಿಯಲ್ಲಿ ಕೂತು, ಪಕ್ಕದಲ್ಲಿ ಅವರು ಹಾಡಿದಂತೆ ಹಾಡಿನ ಮೂವತ್ತೆರಡು ನುಡಿ ಟೈಪ್ ಮಾಡಿದ್ದ ದೀಕ್ಷಿತಾ ಒಮ್ಮೆಯೂ ಸೇವ್ ಮಾಡಿರಲಿಲ್ಲ. ಈ ಹಾಡು ಬೇರೆ ಯಾರಿಗೂ ಬಾರದು. ನಡುವೆ ನಿಂತರೆ ಪೂವಕ್ಕ ಮೊದಲಿಂದಲೇ ಹಾಡಬೇಕು. ತಾಯಿ ಕಲಿಸಿದ್ದೇ ಹಾಗೆ.

“ಅಜ್ಜಿ, ಇದು ಕೈಕೊಟ್ಟಿತು. ಬರೆದದ್ದೆಲ್ಲ ಹೋಯ್ತು.”

“ಪುನಃ ಮೊದಲಿಂದ ಹಾಡ್ಲಿಕ್ಕೆ ನನ್ನಲ್ಲಿ ಉಸಿರಿಲ್ಲ ಮಗಾ,” ಎಂದರು ಎಂಬತ್ತು ದಾಟಿದ ಪೂವಕ್ಕ.

ದೀಕ್ಷಿತಾ ಕಂಪ್ಯೂಟರನ್ನು ಮತ್ತೆ ಎಬ್ಬಿಸಿದಳು. ಪರದೆ ಕಪ್ಪಾಗುವ ಮೊದಲು ತೆರೆದಿದ್ದ, ಕಂಪ್ಯೂಟರ್ ತಾನೇ ಉಳಿಸಿಟ್ಟಿದ್ದ ಪುಟಗಳು ಒಂದೊಂದಾಗಿ ತಾವಾಗಿಯೇ ಮೂಡಿಬಂದವು. ಕೊನೆಗೆ ಹಾಡೂ ಬಂತು. ‘ಹೊಸಿಲು’ ಎಂಬ ಪದದ ಪಕ್ಕದಲ್ಲಿ ಕರ್ಸರಿನ ಸಣ್ಣ ಗೆರೆಯೊಂದು ಮಿನುಗುತ್ತಿತ್ತು.

“ಎಲ್ಲ ಉಂಟು ಅಜ್ಜಿ! ನೀವು ನಿಲ್ಲಿಸಿದಲ್ಲೇ, ಹೊಸಿಲಲ್ಲೇ ಉಂಟು!”

ಓದು ಬಾರದ ಪೂವಕ್ಕ ಮುಂದೆ ಬಾಗಿ ಆ ಗೆರೆಯನ್ನು ಬೆರಳ ತುದಿಯಿಂದ ಮೆಲ್ಲ ಮುಟ್ಟಿದರು.

“ಇಷ್ಟು ಹೊತ್ತು, ಆ ಕತ್ತಲೆಯಲ್ಲಿ, ಇದು ಮದುಮಗಳ ಕೈ ಹಿಡ್ಕೊಂಡೇ ನಿಂತಿತ್ತಾ?”

ಪೂವಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡು, “ಮದುಮಗಳನ್ನು ಹೊಸಿಲಲ್ಲಿ ಕಾಯಿಸ್ಬಾರ್ದು,” ಎಂದವರೇ, ತಾಯಿ ಕಲಿಸಿದ್ದನ್ನು ಮೀರಿ, ಅಲ್ಲಿಂದಲೇ ಹಾಡನ್ನು ಎತ್ತಿಕೊಂಡರು.