ಉತ್ತರ ಬಾರದ ವರದಿಗಳು

ಪಿಂಚಣಿ ಅರ್ಜಿಯ ವೆಬ್‌ಸೈಟನ್ನು ಕಣ್ಣು ಕಾಣದವರೂ ಬಳಸುವಂತೆ ಮಾಡಿಸಬೇಕೆಂದು ಇಂದುಮತಿ ಪಿಂಚಣಿ ಕಚೇರಿಗೆ ಬಂದದ್ದು ಇದು ನಾಲ್ಕನೆಯ ಸಲ. ಅವಳಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಲ್ಯಾಪ್‌ಟಾಪಿನಲ್ಲೇ ಅವಳ ಕೆಲಸವೆಲ್ಲ. ವೆಬ್‌ಸೈಟಿನ ತೊಡಕುಗಳನ್ನು ಬರೆದು ಮೂರು ವರದಿ ಕೊಟ್ಟಿದ್ದಳು. ಒಂದಕ್ಕೂ ಉತ್ತರ ಬಂದಿರಲಿಲ್ಲ.

"ವರದಿ ನೋಡಿದ್ರಾ ಸರ್?" ಕೇಳಿ ಕೇಳಿ ಅವಳ ದನಿಯೇ ಸೋತಿತ್ತು.

"ನೋಡೋಣಮ್ಮ," ಎಂದರು ಅಧಿಕಾರಿ.

"ಪ್ರತಿಸಲ ಇದನ್ನೇ ಹೇಳ್ತೀರಿ. ಇವತ್ತು ನೀವೇ ಒಂದ್ಸಲ ಕೇಳಿ."

ಅವಳು ವೆಬ್‌ಸೈಟ್ ತೆರೆದಳು. ಹೆಸರು, ವಿಳಾಸದ ಖಾನೆಗಳನ್ನು ಲ್ಯಾಪ್‌ಟಾಪ್ ಸ್ಪಷ್ಟವಾಗಿ ಓದಿತು. ಕೊನೆಯಲ್ಲಿ 'ಚಿತ್ರ' ಎಂದಷ್ಟೇ ಹೇಳಿ ಸುಮ್ಮನಾಯಿತು.

"ಅರ್ಜಿ ಕಳಿಸೋ ಬಟನ್ನು ಅದು ಸರ್. ಅದೇನು ಅಂತ ಗೊತ್ತಾಗದೆ ನಮ್ಮವರೆಲ್ಲ ಅಲ್ಲೇ ನಿಂತ್ಬಿಡ್ತಾರೆ."

ಅಧಿಕಾರಿ ಅಟೆಂಡರನ್ನು ಕಾಫಿ ತರಲು ಕಳಿಸಿದರು. ಯಾರೂ ಇಲ್ಲದಾಗ ಬೈಯುವುದಕ್ಕೇ ಇರಬೇಕು ಎಂದುಕೊಂಡು ಇಂದುಮತಿ ಲ್ಯಾಪ್‌ಟಾಪ್ ಮುಚ್ಚಿದಳು.

"ಮುಚ್ಬೇಡಿಮ್ಮ," ಎಂದರು ಅವರು, ದನಿ ತಗ್ಗಿಸಿ. "ಆರು ತಿಂಗಳಿಂದ ನನಗೆ ಅಕ್ಷರ ಕಾಣ್ತಿಲ್ಲ. ಹೀಗೆ ಕೇಳಿಸ್ಕೊಂಡು ಓದೋದು ನನಗೂ ಕಲಿಸ್ತೀರಾ?"